ಮೇ ತಿಂಗಳ ಕೆರೆ

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಕಾಲೊನಿಯ ಕೆರೆಗೆ ನಾಲ್ಕು ಡೀಸೆಲ್ ಪಂಪು ಬಂದವು. ಗುರುವಾರ ಸಂಜೆಯ ಹೊತ್ತಿಗೆ ಪಂಪಿನವರು ಕೆರೆಗೆ ಬಂದ ಮಳೆನೀರನ್ನೆಲ್ಲ ನಾಲಾಗೆ ಸುರಿದು, ಪೈಪು ಸುತ್ತಿಕೊಂಡು, ನನ್ನ ಕೈಯಲ್ಲಿ ಒಂದು ಸಹಿ ಹಾಕಿಸಿಕೊಂಡು ಹೊರಟುಹೋದರು.

ನನ್ನ ಸಹಿ ಯಾಕೆ ಅಂತೀರಾ? ಫೋನ್ ಮಾಡಿ ಅವರನ್ನು ಕರೆಸಿದವನು ನಾನೇ.

ಈ ಅಂಕಣವನ್ನು ಓದುತ್ತ ಬಂದಿರುವ ನಿಮಗೆ ನನ್ನ ಸ್ವಭಾವ ಗೊತ್ತು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೋಗಿ ತಿರುಗಿಸಿ ಬರುವ ಮನುಷ್ಯ. (ಹೆಂಡತಿ ಸರೋಜಾ ಇದನ್ನು ರೋಗ ಎನ್ನುತ್ತಾಳೆ.) ಅಂಥವನು ಒಂದು ಕೆರೆಯನ್ನು ಖಾಲಿ ಮಾಡಿಸಿದ್ದು ಹೇಗೆ ಎಂದು ಹೇಳಬೇಕಾದರೆ ಮೇ ತಿಂಗಳಿನಿಂದ ಶುರು ಮಾಡಬೇಕು.

ಹೈದರಾಬಾದಿನ ಜೀಡಿಮೆಟ್ಲಾ ದಾಟಿ ಇನ್ನೂ ಒಳಗೆ ಬಂದರೆ ನಮ್ಮ ಕಾಲೊನಿ. ಇಲ್ಲಿರುವವರಲ್ಲಿ ಅರ್ಧ ಜನ ಕೇಂದ್ರ ಸರ್ಕಾರದ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಬಾಗಲಕೋಟೆ, ಗದಗ, ರಾಯಚೂರು ಕಡೆಯಿಂದ ಬಂದು, ಆಯುಷ್ಯವೆಲ್ಲ ಕ್ವಾರ್ಟರ್ಸ್‌ನಲ್ಲಿ ಕಳೆದು, ರಿಟೈರ್ ಆದ ಮೇಲೆ ಇಲ್ಲಿ ಮನೆ ಕಟ್ಟಿಕೊಂಡವರು. ನಾನು ಇನ್ಸ್‌ಪೆಕ್ಷನ್ ವಿಭಾಗದವನು. ನನ್ನ ಗೆಳೆಯ ಪಾಟೀಲರೂ ಅದೇ ವಿಭಾಗ. ಸೈನ್ಯಕ್ಕೆ ಹೋಗುವ ಒಂದು ಬೋಲ್ಟು ಕೂಡ ನಮ್ಮ ಅಳತೆಗೆ ಸಿಗದೆ ಗೇಟು ದಾಟುತ್ತಿರಲಿಲ್ಲ.

ನಮ್ಮ ವಿಭಾಗಕ್ಕೆ ಒಂದೇ ಧರ್ಮ ಇತ್ತು. ಕಂಡದ್ದನ್ನು ಅಳೆ. ಅಳೆದದ್ದನ್ನು ಬರೆ. ಯಾರೋ ಹೇಳಿದ್ದನ್ನು ಬರೆಯಬೇಡ. ಹೊಸಬರಿಗೆ ಮೊದಲ ದಿನವೇ ಇದನ್ನು ಕಲಿಸುತ್ತಿದ್ದೆವು, ತಪ್ಪಿದವರಿಗೆ ಮೆಮೊ ಕೊಡುತ್ತಿದ್ದೆವು. ಮೆಮೊಗಳಲ್ಲಿ ಹೆಚ್ಚಿನವುಗಳ ಮೇಲೆ ನನ್ನದೇ ಸಹಿ.

ಕಾಲೊನಿಯ ಹಿಂದೆ ರೇಗಡಿ ಕುಂಟ. ತೆಲುಗಿನಲ್ಲಿ ರೇಗಡಿ ಎಂದರೆ ಎರೆಮಣ್ಣು, ಕುಂಟ ಎಂದರೆ ಸಣ್ಣ ಕೆರೆ. ಒಂದು ಕಡೆ ಮಣ್ಣಿನ ಏರಿ, ಎದುರು ಕಡೆ ಇಳಿಜಾರು ಬಯಲು, ಬಯಲಿನ ಕೊನೆಗೆ ಸಾಲಾಗಿ ಈಚಲ ಮರಗಳು. ಏರಿಯ ತುದಿಯಲ್ಲಿ ಅರಿಶಿನ ಕುಂಕುಮ ಬಳಿದ ಒಂದು ಕಲ್ಲು. ಅದು ಮೈಸಮ್ಮ, ಕೆರೆ ಕಾಯುವ ದೇವತೆ. ತೆಲಂಗಾಣದಲ್ಲಿ ಏರಿ ಇದ್ದಲ್ಲಿ ಮೈಸಮ್ಮ ಇರುತ್ತಾಳೆ.

ಮೇ ತಿಂಗಳಲ್ಲಿ ಒಂದು ದಿನ ವಾರ್ಡ್ ಆಫೀಸಿನ ಬೋರ್ಡಿಗೆ ಒಂದು ನೋಟಿಸು ಅಂಟಿತು. ಕೆರೆಗಳ ಹತ್ತಿರ ಕಟ್ಟಡ ಕಟ್ಟುವ ಪರ್ಮಿಶನ್ನಿನ ನಿಯಮ ಬದಲಾಗುತ್ತಿದೆ ಎಂಬ ನೋಟಿಸು. ಅದುವರೆಗಿನ ನಿಯಮ ಸರಳವಾಗಿತ್ತು. ಕೆರೆ ಪೂರ್ತಿ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೋ ಅದು ಕೆರೆಯ ಗಡಿ. ಗಡಿಯೊಳಗೆ ಏನೂ ಕಟ್ಟುವಂತಿಲ್ಲ. ಗಡಿಯ ಆಚೆಗೂ ಒಂದಿಷ್ಟು ಜಾಗ ಬಿಡಬೇಕು. ಅದರ ಸುತ್ತ ಏನೇ ಕಟ್ಟುವುದಿದ್ದರೂ ಅಧಿಕಾರಿಗಳು ಬಂದು ನೋಡಿ ಒಪ್ಪಿಗೆ ಕೊಡಬೇಕು.

ಹೊಸ ನಿಯಮದಲ್ಲಿ ಒಂದು ಮಿತಿ ಬಂತು. ಇಷ್ಟು ಎಕರೆಗಿಂತ ಕಡಿಮೆ ಇರುವ ಕೆರೆಗಳು ಪಟ್ಟಿಯಿಂದ ಹೊರಗೆ. ಅವುಗಳ ಬಳಿ ಕಟ್ಟಲು ಯಾರ ಒಪ್ಪಿಗೆಯೂ ಬೇಡ, ಆನ್‌ಲೈನ್‌ನಲ್ಲಿ ತಾವೇ ಬರೆದುಕೊಟ್ಟರೆ ಸಾಕು. (ಮಿತಿ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ನಿಮ್ಮೂರ ಕೆರೆಗೂ ಯಾರಾದರೂ ಟೇಪ್ ಹಿಡಿದು ಹೋದಾರು.) ತಕರಾರು ಇದ್ದವರು ಒಂದು ತಿಂಗಳೊಳಗೆ ಆಧಾರ ಸಮೇತ ಸಲ್ಲಿಸಬೇಕು.

ಕರಡು ಪಟ್ಟಿಯಲ್ಲಿ ನಮ್ಮ ರೇಗಡಿ ಕುಂಟದ ಮುಂದೆ ‘ನೀರಿಲ್ಲದ ಕುಂಟ’ ಎಂದು ಬರೆದಿತ್ತು.

ಪಾಟೀಲರು ಉರಿದುಬಿದ್ದರು. “ನೀರಿಲ್ಲಂತ ಯಾವ ಮಗಾ ಬರ್ದಾನ್ರಿ? ಕಣ್ಣಾರೆ ಬಂದು ನೋಡ್ಯಾನೇನು? ಈ ಕೆಟ್ಟ ಬ್ಯಾಸಗ್ಯಾಗೂ ನೀರು ಐತಿ. ಅಳದು ಮಾರಿಗೆ ಹಿಡ್ಯೂಣು ನಡ್ರಿ,” ಎಂದರು.

ನನಗೂ ಬಹಳ ವರ್ಷಗಳ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ರಿಟೈರ್ ಆದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಆಸೆ ಯಾವುದಿದೆ? ನೆಂಟರೊಬ್ಬರ ಕಡೆಯಿಂದ ಸರ್ವೆ ಮಾಡುವ ಡಂಪಿ ಲೆವೆಲ್ ತಂದೆವು. ಸ್ಟೀಲ್ ಟೇಪು, ಸುಣ್ಣ, ನಂಬರು ಬರೆದ ಗೂಟಗಳು, ಎಲ್ಲ ಸಿದ್ಧವಾದವು. ಎರಡು ದಿನ ಬೆಳಿಗ್ಗೆ ಆರರಿಂದ ಹತ್ತರವರೆಗೆ ನೀರಿನ ಅಂಚಿನ ಸುತ್ತ ಗೂಟ ಹೊಡೆದು ಸುಣ್ಣದ ಗೆರೆ ಎಳೆದೆವು. ಪ್ರತಿ ಅಳತೆಯನ್ನು ಇಬ್ಬರೂ ಬೇರೆ ಬೇರೆಯಾಗಿ ತೆಗೆದೆವು. ತಾಳೆಯಾಗದಿದ್ದರೆ ಮತ್ತೆ ಅಳೆದೆವು. ಕಾರ್ಖಾನೆಯಲ್ಲಿ ಹೇಗೋ ಹಾಗೆ.

ಲಕ್ಷ್ಮಮ್ಮ ಬಂದದ್ದು ಎರಡನೆಯ ದಿನ. ಏರಿಯ ಕೆಳಗಿನ ಸಾಲು ಮನೆಗಳಲ್ಲಿ ಒಂಟಿಯಾಗಿರುವ ಹೆಂಗಸು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಗಂಡ ಮೀನುಗಾರರ ಸೊಸೈಟಿಯಲ್ಲಿದ್ದ. ಅವನು ಹೋದ ಮೇಲೆ ಅವನ ಪರ್ಮಿಟ್ಟು ಈಕೆಗೆ ಬಂದಿದೆ. ಮಳೆ ಬಂದು ನೀರು ಬಯಲಿಗೆ ಹರಡಿದಾಗ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಲೆ ಹಾಕುತ್ತಾಳೆ. ಆ ಮೂರ್ನಾಲ್ಕು ತಿಂಗಳ ಮೀನಿನಲ್ಲೇ ಆಕೆಯ ವರ್ಷ ಕಳೆಯಬೇಕು.

ನಮ್ಮ ಗೂಟಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಆಮೇಲೆ ತೆಲುಗಿನಲ್ಲಿ ಹೇಳಿದಳು. ಸಾರು, ಇದು ಮೇ ತಿಂಗಳ ನೀರು. ಭಾದ್ರಪದದಲ್ಲಿ ನೀರು ಮೈಸಮ್ಮನ ಪಾದ ಮುಟ್ಟುತ್ತದೆ. ಆಗ ಅಗೋ, ಆ ಈಚಲ ಮರದವರೆಗೂ ನೀರೇ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಹೇಳಿ ಮುಗಿಸಿ ನನ್ನ ಕೈಯಲ್ಲಿದ್ದ ಪುಸ್ತಕ ತೋರಿಸಿ, “ರಾಸ್ಕೋ ಸಾರು,” ಎಂದಳು. ಬರೆದುಕೋ ಎಂದು.

ನಾನು ತಲೆಯಾಡಿಸಿದೆ. ಬರೆದುಕೊಳ್ಳಲಿಲ್ಲ.

ಇಷ್ಟು ವರ್ಷ ಇಲ್ಲೇ ಇದ್ದೀರಿ, ನಿಮಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಳೆಗಾಲದಲ್ಲಿ ಏರಿಯ ಮೇಲೆ ಕೆಸರು, ನಾವು ವಾಕಿಂಗನ್ನು ಪಾರ್ಕಿಗೆ ವರ್ಗ ಮಾಡುತ್ತೇವೆ. ಟೆರೇಸಿನಿಂದ ಬಯಲು ಬೆಳ್ಳಗೆ ಹೊಳೆದದ್ದನ್ನು ಕಂಡಿದ್ದೇನೆ. ಆದರೆ ನೀರು ಎಲ್ಲಿಯವರೆಗೆ ಇತ್ತು ಎಂದು ಸಹಿ ಹಾಕಿ ಹೇಳುವಷ್ಟು ನೋಡಿರಲಿಲ್ಲ. ಒಂದು ಕೆರೆಯ ಮಗ್ಗುಲಲ್ಲಿ ಮನೆ ಕಟ್ಟಿಕೊಂಡು, ತುಂಬಿದಾಗ ಅದನ್ನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲವೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮನೆಗೆ ಬಂದು ರಿಪೋರ್ಟ್ ಟೈಪ್ ಮಾಡುವಾಗ ಪಾಟೀಲರು ಒಂದು ಕ್ಷಣ ತಡೆದರು.

“ಏನ್ರಿ, ಆ ಲಕ್ಷ್ಮಮ್ಮ ಹೇಳಿದ್ದು ರಿಮಾರ್ಕ್ಸ್ ಕಾಲಮಿನ್ಯಾಗ ಒಂದ್ ಸಾಲು ಬರ್ಯೂಣೇನು?”

“ನೀವು ಅಳದೀರೇನ್ರಿ ಅದನ್ನ?” ಎಂದೆ.

“ಇಲ್ಲ.”

“ಮತ್ತ? ಬಾಯಿಮಾತು ಬರದ್ರ ಉಳದಿದ್ದೂ ಬಾಯಿಮಾತು ಅಂತಾರ. ಬಿಡ್ರಿ.”

ಪಾಟೀಲರು ಬಿಟ್ಟರು. ಅವರು ಯಾವಾಗಲೂ ನನ್ನ ಮಾತಿಗೆ ಬೆಲೆ ಕೊಟ್ಟವರು, ಸರ್ವಿಸಿನಲ್ಲಿ ನಾನು ಅವರಿಗಿಂತ ಸೀನಿಯರ್.

ರಿಪೋರ್ಟು ಚೆನ್ನಾಗಿಯೇ ಬಂತು. ನಕಾಶೆ, ಗೂಟಗಳ ನಂಬರು, ಫೋಟೊ, ಕೊನೆಗೆ ವಿಸ್ತೀರ್ಣ, ದಶಾಂಶದ ಆಚೆ ಎರಡು ಸ್ಥಾನದವರೆಗೆ. ಕೋಠಿ ಬಜಾರಿಗೆ ಹೋಗಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆವು. ಕೆಳಗೆ ‘ಅಳೆದವರು’ ಎಂದು ಪಾಟೀಲರ ಸಹಿ, ‘ಪರಿಶೀಲಿಸಿದವರು’ ಎಂದು ನನ್ನ ಸಹಿ.

ರಿಪೋರ್ಟ್ ಸಲ್ಲಿಸಿದ ಕಚೇರಿಯ ಇಂಜಿನಿಯರ್ ಸಾಹೇಬರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಇಂಥ ರಿಪೋರ್ಟ್ ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಯಾರೂ ಕೊಡುವುದಿಲ್ಲ ಸರ್ ಎಂದರು. ಚಹಾ ತರಿಸಿದರು. ನಾವು ಉಬ್ಬಿ ಹೋದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಪಾಟೀಲರು, “ಇನ್ನೂ ಕೈ ನಡಗಿಲ್ಲ ನೋಡ್ರಿ ನಮ್ಮವು,” ಎಂದು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

ಜೂನ್ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆಯವರಿಗೆ ಇದು ಬಿಡಲಾಗದ ಹಬ್ಬ. ಎರೆಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜಿಸಬೇಕು. ಪೇಟೆಯ ಎತ್ತು ಸರೋಜಾಗೆ ನಡೆಯುವುದಿಲ್ಲ. ಪ್ರತಿ ವರ್ಷ ಕಾಲೊನಿಯ ಹೆಂಗಸರು ಬುಟ್ಟಿ ಹಿಡಿದು ಕುಂಟದ ಕಡೆ ಹೋಗುತ್ತಾರೆ, ಲಕ್ಷ್ಮಮ್ಮ ಗುದ್ದಲಿಯಿಂದ ಮಣ್ಣು ತೆಗೆದುಕೊಡುತ್ತಾಳೆ, ಇವರು ಆಕೆಗೆ ಹೋಳಿಗೆ ಕಟ್ಟಿಕೊಡುತ್ತಾರೆ.

ಆ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಸರೋಜಾ ಅಡುಗೆಮನೆಯ ಕಟ್ಟೆಯ ಮೇಲೆ ಮಣ್ಣು ನಾದುತ್ತಿದ್ದಳು. ನಾದುತ್ತ ನಾದುತ್ತ ಮಣ್ಣಿನಿಂದ ಏನೋ ಆರಿಸಿ ಆರಿಸಿ ಒಂದು ತಾಟಿನಲ್ಲಿ ಹಾಕುವ ಸದ್ದು ಕೇಳಿಸಿತು.

“ಕಲ್ಲು ಭಾಳ ಅದಾವೇನು?” ಎಂದೆ.

“ಕಲ್ಲಲ್ರಿ. ನೀರಾಗಿನ ಬಸವನಹುಳದ ಚಿಪ್ಪು. ಮಣ್ಣ ತುಂಬ ಅವ ಅದಾವ,” ಎಂದು ತಾಟು ತಂದು ನನ್ನ ಮುಂದೆ ಇಟ್ಟಳು. ಬಿಳಿ ಚಿಪ್ಪುಗಳು, ಕಾಳಿನಷ್ಟು ಸಣ್ಣವೂ ಇದ್ದವು, ಹೆಬ್ಬೆರಳಿನಷ್ಟು ದೊಡ್ಡವೂ ಇದ್ದವು.

“ಕೆರಿಮಣ್ಣಲ್ಲೇನು, ಇರ್ತಾವ,” ಎಂದೆ.

“ಕೆರಿಮಣ್ಣ ಅಂತೀರಿ. ಈ ಮಣ್ಣ ತಂದಿದ್ದು ಈಚಲಗಿಡದ ಬುಡದಿಂದ. ನಿಮ್ಮ ಸುಣ್ಣದ ಗೆರಿ ಎಷ್ಟ ಕೆಳಗೈತಿ ನೋಡೀರಿಲ್ಲ? ನೀರು ನಿಲ್ಲದ ಜಾಗದಾಗ ಇವು ಹೆಂಗ ಬಂದ್ವು?”

ಆಕೆ ಚುಚ್ಚಲು ಕೇಳಿದ್ದಲ್ಲ. ಕೇಳಿ, ಮತ್ತೆ ಹೋಗಿ ಎತ್ತಿಗೆ ಕೋಡು ಮಾಡಲು ಕೂತಳು. ನಾನು ತಾಟನ್ನೇ ನೋಡುತ್ತ ಕೂತೆ. ಪಟ್ಟಿ ಮಾಡಿದವರು ‘ನೀರಿಲ್ಲ’ ಎಂದಿದ್ದರು. ನೀರಿದೆ ಎಂದು ತೋರಿಸುವ ಹಟದಲ್ಲಿ ನಾವು ವರ್ಷದ ಅತಿ ಕಡಿಮೆ ನೀರನ್ನು ಹುಡುಕಿ ಹೋಗಿ, ಅದರ ಸುತ್ತ ಗೂಟ ಹೊಡೆದು, ಇದೇ ಕೆರೆ ಎಂದು ಬರೆದುಕೊಟ್ಟಿದ್ದೆವು. ಬಂದ ವಿಸ್ತೀರ್ಣವನ್ನು ಹೊಸ ಮಿತಿಯ ಪಕ್ಕ ಇಟ್ಟು ನೋಡಬೇಕೆಂದೂ ಹೊಳೆದಿರಲಿಲ್ಲ. ಉಪವಾಸದ ದಿನ ಸೊಂಟದ ಅಳತೆ ಕೊಟ್ಟು ಪ್ಯಾಂಟು ಹೊಲಿಸಿದ ಹಾಗೆ.

ಮರುದಿನವೇ ಚಿಪ್ಪುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಕಚೇರಿಗೆ ಓಡಿದೆ. (ನಗಬೇಡಿ. ನನ್ನ ಬಳಿ ಬೇರೆ ಆಧಾರ ಏನಿತ್ತು?) ತಕರಾರು ಕೊಡುವ ಅವಧಿ ಮುಗಿದು ಹತ್ತು ದಿನವಾಗಿತ್ತು. ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಪೋರ್ಟಲ್ ಬಂದ್ ಆಗಿದೆ ಅಂಕಲ್, ಅದೂ ಅಲ್ಲದೆ ಚಿಪ್ಪು ಅಪ್‌ಲೋಡ್ ಮಾಡುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿದರು. ಅವರ ಮುಖದಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು.

ಜುಲೈಯಲ್ಲಿ ಕೊನೆಯ ಪಟ್ಟಿ ಬಂತು. ರೇಗಡಿ ಕುಂಟ ಅದರಲ್ಲಿರಲಿಲ್ಲ. ತೆಗೆದ ಕೆರೆಗಳದ್ದು ಬೇರೆ ಪಟ್ಟಿ, ಪ್ರತಿಯೊಂದರ ಮುಂದೆ ಕಾರಣ. ನಮ್ಮದರ ಮುಂದೆ ಹೀಗಿತ್ತು: ‘ನಿವಾಸಿಗಳೇ ಸಲ್ಲಿಸಿದ ಅಳತೆಯ ಪ್ರಕಾರ ಮಿತಿಗಿಂತ ಕಡಿಮೆ.’ ಎಷ್ಟು ಕಡಿಮೆ ಎಂದರೆ, ಒಂದು ಶಾಲೆಯ ಆಟದ ಬಯಲಿನಷ್ಟು. ನಾವು ಗೂಟವನ್ನು ಹತ್ತು ಹೆಜ್ಜೆ ಆಚೆ ಹೊಡೆದಿದ್ದರೆ ಕೆರೆ ಉಳಿಯುತ್ತಿತ್ತು. ಹೊಡೆಯಲಿಲ್ಲ, ಯಾಕೆಂದರೆ ನಾವು ಪ್ರಾಮಾಣಿಕರು.

ಹಳೆಯ ನಿಯಮ ಇದ್ದಾಗ ಹೈದರಾಬಾದಿನ ಕೆರೆಗಳು ಸುಖವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಆಗಲೂ ಮುಚ್ಚಿದರು, ಆಗಲೂ ಕಟ್ಟಿದರು. ಆದರೆ ಕದ್ದು ಕಟ್ಟುತ್ತಿದ್ದರು. ಕಟ್ಟಿದವನಿಗೆ ಒಳಗೊಳಗೇ ಒಂದು ಅಳುಕಿತ್ತು, ಎಂದಾದರೂ ಬುಲ್ಡೋಜರ್ ಬಂದೀತೆಂದು. ಈಗ ಅಳುಕು ಯಾಕೆ? ನಿಯಮವೇ ಎದ್ದು ನಿಂತು ದಾರಿ ಬಿಟ್ಟಿದೆ. ಇಷ್ಟು ದಿನ ಕೆರೆ ನುಂಗಿದವರನ್ನು ಬೈದುಕೊಂಡು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು?

ಆಗಸ್ಟಿನಲ್ಲಿ, ದೊಡ್ಡ ಮಳೆ ಇನ್ನೂ ಬರುವ ಮೊದಲೇ, ಕಟ್ಟಡ ಕಟ್ಟುವವರ ನೀಲಿ ತಗಡಿನ ಬೇಲಿ ಬಂತು. ಈಚಲ ಮರಗಳಿಂದ ನೀರಿನ ಅಂಚಿನವರೆಗಿನ ಬಯಲೆಲ್ಲ ಬೇಲಿಯೊಳಗೆ. ನೀರಿನ ಕಡೆ ಅವರು ಕಂಬ ನೆಟ್ಟದ್ದು ನಮ್ಮ ಗೂಟಗಳ ಪಕ್ಕದಲ್ಲೇ. ನಾನು ಹೋಗಿ ನೋಡಿದೆ. ಒಂದು ಕೂದಲೆಳೆಯಷ್ಟು ಆಚೀಚೆ ಇಲ್ಲ. ನಮ್ಮ ನಂಬರುಗಳು ಹಾಗೇ ಇದ್ದವು, ಪಾಟೀಲರ ಅಕ್ಷರದಲ್ಲಿ. ಅವತ್ತಿನಿಂದ ಪಾಟೀಲರು ಆ ಕಡೆ ವಾಕಿಂಗಿಗೆ ಬರುವುದನ್ನು ಬಿಟ್ಟರು. ನಾವಿಬ್ಬರೂ ಈಗ ಕ್ರಿಕೆಟ್ ಬಗ್ಗೆ ಮಾತಾಡುತ್ತೇವೆ.

ಅದೇ ವಾರ ಲಕ್ಷ್ಮಮ್ಮನ ಮೀನಿನ ಪರ್ಮಿಟ್ಟು ರದ್ದಾದ ಕಾಗದ ಬಂತು. ಪಟ್ಟಿಯಲ್ಲಿ ಇಲ್ಲದ ಕೆರೆಗೆ ಪರ್ಮಿಟ್ಟಿಲ್ಲವಂತೆ. ಆಕೆ ಕಾಗದ ತಂದು ನನಗೇ ತೋರಿಸಿದಳು, ಇದರಲ್ಲಿ ಏನು ಬರೆದಿದೆ ಓದಿ ಹೇಳು ಸಾರು ಎಂದು. ಓದಿ ಹೇಳಿದೆ. ನೀರು ಬರಲಿ ಸಾರು, ನೀರು ಬಂದರೆ ಎಲ್ಲರಿಗೂ ಕಾಣುತ್ತದೆ ಎಂದು ಕಾಗದ ಮಡಚಿಟ್ಟುಕೊಂಡಳು.

ನೀರು ಬಂತು. ಭಾದ್ರಪದದಲ್ಲಿ ಮೂರು ದಿನ ಬಿಡದೆ ಸುರಿದ ಮಳೆ ನಾಲ್ಕನೆಯ ದಿನ ನಿಂತಾಗ, ಕೊಡೆ ಹಿಡಿದು, ಕೆಸರು ತುಳಿದು, ಮಳೆಗಾಲದಲ್ಲಿ ಮೊದಲ ಸಲ ಏರಿಯ ತುದಿಯವರೆಗೆ ಹೋದೆ. ನೀರು ಮೈಸಮ್ಮನ ಪಾದ ಮುಟ್ಟಿತ್ತು. ಆ ಕಡೆ ನೀಲಿ ತಗಡು ಸೊಂಟದವರೆಗೆ ಮುಳುಗಿ ನಿಂತಿತ್ತು, ಬೇಲಿಯೊಳಗೆ ಈಚಲ ಮರಗಳವರೆಗೂ ನೀರು. ಲಕ್ಷ್ಮಮ್ಮ ಹೇಳಿದ ಹಾಗೇ, ಒಂದು ಹೆಜ್ಜೆ ಹೆಚ್ಚಲ್ಲ, ಒಂದು ಹೆಜ್ಜೆ ಕಡಿಮೆಯಲ್ಲ. ನನ್ನ ಕಣ್ಣು ಒದ್ದೆಯಾಯಿತು. ಕೆರೆ ತಾನೇ ಬಂದು ಸಾಕ್ಷಿ ಹೇಳುತ್ತಿದೆ, ಇನ್ನು ಯಾರು ಇಲ್ಲವೆನ್ನುತ್ತಾರೆ?

ಫೋಟೊ ತೆಗೆದು, ಅಲ್ಲೇ ನಿಂತು ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ರೇಗಡಿ ಕುಂಟದ ನೀರು ಬೇಲಿಯೊಳಗೆ ಬಂದಿದೆ, ಯಾರಾದರೂ ಬಂದು ನೋಡಬೇಕು ಎಂದೆ.

ಫೋನ್ ಎತ್ತಿದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು. “ಸರ್, ಆ ಹೆಸರಿನ ಕೆರೆ ತೋರಿಸುತ್ತಿಲ್ಲ. ಖಾಲಿ ಪ್ಲಾಟ್ ಎಂದಿದೆ. ವಾಟರ್ ಲಾಗಿಂಗ್ ಎಂದು ಹಾಕಲಾ?”

“ಅಲ್ಲಮ್ಮ, ಅದು ಕೆರೆ.”

“ಕೆರೆ ಎಂದು ಹಾಕಿದರೆ ಕಂಪ್ಲೇಂಟ್ ಮುಂದಕ್ಕೆ ಹೋಗುವುದೇ ಇಲ್ಲ ಸರ್.”

“ಏನಾದರೂ ಹಾಕಮ್ಮ. ಬಂದು ನೋಡಿದರೆ ಸಾಕು,” ಎಂದೆ.

ನೋಡಿದರೆ ಸಾಕು. ಬಂದವರು ಕಣ್ಣಿಂದ ನೋಡಿದರೆ ಕೆರೆ ಯಾವುದು, ರಸ್ತೆಯಲ್ಲಿ ನಿಂತ ನೀರು ಯಾವುದು ಎಂದು ತಿಳಿಯುವುದಿಲ್ಲವೇ ಎಂದುಕೊಂಡಿದ್ದೆ. ಮಂಗಳವಾರ ಪಂಪಿನ ಜೊತೆ ಬಂದ ಸೂಪರ್‌ವೈಸರ್ ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದ. ಮೈಸಮ್ಮನಿಗೆ ಕೈಯೂ ಮುಗಿದ. ಆಮೇಲೆ ಮೊಬೈಲಿನಲ್ಲಿದ್ದ ಆರ್ಡರ್ ತೋರಿಸಿದ. ಪ್ಲಾಟಿನಲ್ಲಿ ನಿಂತ ನೀರನ್ನು ತೆಗೆಯಬೇಕು ಎಂದಿತ್ತು. ಇದು ಕೆರೆ ಅಂತ ನನಗೂ ಕಾಣುತ್ತಿದೆ ಸಾರ್, ಆದರೆ ನನಗೆ ಬರೆದುಕೊಟ್ಟಿರುವುದು ಹೀಗೆ ಎಂದ. ಸರ್ವಿಸಿನಲ್ಲಿ ಇದೇ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಲ್ಲ?

ಕೆರೆಯ ನೀರು ಇಳಿಯದೆ ಪ್ಲಾಟಿನ ನೀರು ಇಳಿಯುವುದಿಲ್ಲ. ಹಾಗಾಗಿ ಪಂಪು ಹಚ್ಚಿದ್ದಲ್ಲದೆ ಕೆರೆಯ ತೂಬನ್ನೂ ಎತ್ತಿದರು. ಮೂರು ದಿನ ಹಗಲೆಲ್ಲ ಡೀಸೆಲ್ ಹೊಗೆ. ಎಲ್ಲಿಯವರೆಗೆ ಇಳಿಸಬೇಕು ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಗುರುತು ಅಲ್ಲೇ ಇತ್ತು. ಗುರುವಾರ ಸಂಜೆ ನಮ್ಮ ಗೂಟಗಳು ಒಂದೊಂದಾಗಿ ನೀರಿನಿಂದ ಮೇಲೆ ಬಂದವು, ಪಂಪು ನಿಲ್ಲಿಸಿದರು. ಕಂಪ್ಲೇಂಟ್ ಮುಗಿದಿದೆ ಎಂದು ನನ್ನಿಂದ ಸಹಿ ಹಾಕಿಸಿಕೊಂಡರು. ಹಾಕದೆ ಏನು ಮಾಡಲಿ? ನೀರು ಹೋಗಿತ್ತು, ಅದು ನಿಜವೇ.

ಲಕ್ಷ್ಮಮ್ಮ ಕೆಸರಿನಲ್ಲಿ ಬಗ್ಗಿ ಮೀನು ಆರಿಸುತ್ತಿದ್ದಳು. ಬೆರಳುದ್ದದ ಮರಿಗಳು. ಇನ್ನೆರಡು ತಿಂಗಳು ನೀರಿದ್ದರೆ ಮಾರಾಟಕ್ಕೆ ಬರುತ್ತಿದ್ದವು. ಆರಿಸಿದ್ದನ್ನು ಒಂದು ಬಕೆಟ್ ನೀರಿಗೆ ಹಾಕಿ, ಬಕೆಟ್ ತುಂಬಿದ ಮೇಲೆ ನಡೆದು ಹೋಗಿ, ಏರಿಯ ಮಗ್ಗುಲಲ್ಲಿ ಉಳಿದ ಮೇ ತಿಂಗಳ ನೀರಿಗೆ ಬಿಟ್ಟು ಬರುತ್ತಿದ್ದಳು. ಅಷ್ಟು ನೀರಿನಲ್ಲಿ ಅಷ್ಟು ಮೀನು ಬದುಕುವುದಿಲ್ಲ ಎಂದು ಆಕೆಗೆ ಗೊತ್ತಿಲ್ಲದೆ ಇದ್ದೀತೇ?

ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಒಳ್ಳೆಯದಿತ್ತು.

ಅವತ್ತು ಹೇಳಿದ್ದೆನಲ್ಲ ಸಾರು, ಮೈಸಮ್ಮನ ಪಾದದ ಮಾತು, ಎಂದಳು. “ರಾಸಿನವಾ ಸಾರು?” ಬರೆದಿದ್ದೆಯಾ ಎಂದು.

“ಬರೆದಿದ್ದೆನಮ್ಮ,” ಎಂದೆ.

ಆಕೆ ತಲೆಯಾಡಿಸಿದಳು. ಹಾಗಾದರೆ ಅವರು ಓದಿಲ್ಲ ಬಿಡು ಸಾರು, ನೀನೇನು ಮಾಡುತ್ತೀ ಎಂದು ನನಗೇ ಸಮಾಧಾನ ಹೇಳಿ, ಬಕೆಟ್ ಎತ್ತಿಕೊಂಡು ಹೋದಳು.

ಅವರು ಓದಿದ್ದರು. ಒಂದಕ್ಷರ ಬಿಡದೆ ಓದಿದ್ದರು. ಮೂವತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಒಂದು ಸುಳ್ಳೂ ಬರೆಯದ ನಾನು, ನಿಜವನ್ನೇ ಬರೆದು ಒಂದು ಕೆರೆಯನ್ನು ತೆಗೆದೆ. ಬಾಯಿಬಿಟ್ಟು ಸುಳ್ಳು ಹೇಳಿದ್ದು ಒಬ್ಬ ಮುದುಕಿಗೆ, ಅದೂ ಆಕೆಯ ಮುಖ ನೋಡಲಾಗದೆ.

ಲಕ್ಷ್ಮಮ್ಮನಿಗೆ ಕನ್ನಡ ಓದಲು ಬಾರದು ಎಂಬ ಒಂದೇ ಧೈರ್ಯದ ಮೇಲೆ ಇದನ್ನೆಲ್ಲ ಬರೆದಿದ್ದೇನೆ.